ಬೀದರ್–ಬೆಂಗಳೂರು ಸಬ್ಸಿಡಿ ವಿಮಾನ: ಬಹುಕಾಲದ ಬಳಕೆಯ ನಂತರದ ವಿಮರ್ಶೆ

ಬೀದರಿನಿಂದ ಬೆಂಗಳೂರಿಗೆ ರೈಲು ಹತ್ತಿದರೂ ಸ್ಲೀಪರ್ ಬಸ್ಸು ಹತ್ತಿದರೂ ಇಡೀ ರಾತ್ರಿ ದಾರಿಯಲ್ಲೇ ಕಳೆಯುತ್ತದೆ. ವಿಮಾನದಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಆದರೆ ಮನೆ ಬಿಟ್ಟು ಮೆಜೆಸ್ಟಿಕ್ ಸೇರುವ ತನಕ ಐದು ಗಂಟೆ ಹಿಡಿಯಿರಿ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಬೆಂಗಳೂರಿನಲ್ಲಿ ಇಳಿದ ಮೇಲೆ ದೇವನಹಳ್ಳಿಯಿಂದ ಊರೊಳಗೆ ಬರಲು ಒಂದೂವರೆ ಗಂಟೆ ಬೇಕು. ಇಷ್ಟಾದರೂ ಕಿಮೋಥೆರಪಿಗೆ ಹೋಗಿಬರುವ ರೋಗಿಗೆ, ರಾತ್ರಿಯಿಡೀ ಕೂತು ಬರಲಾಗದ ಹಿರಿಯರಿಗೆ ಈ ಸೇವೆಯ ಬೆಲೆ ದೊಡ್ಡದು. ಇದು ಉಳಿಯಬೇಕು.

ಮೊದಲು ಟಿಕೆಟ್ ದರದ ವಿಷಯ. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಒದಗಿಸಲು ಕಂಪನಿಗಳ ನಷ್ಟ ತುಂಬಿಕೊಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಶುರುವಾದಾಗ ಸುಮಾರು 500 ಕಿ.ಮೀ. ಹಾರಾಟಕ್ಕೆ 2,500 ರೂಪಾಯಿ ಮಿತಿ ಎಂದು ಪ್ರಚಾರವಾಯಿತು. ಎಲ್ಲ ಸೀಟಿಗೂ ಆ ದರ ಅಂತ ಈಗಲೂ ಬಹಳ ಜನ ನಂಬಿದ್ದಾರೆ. ಮಿತಿ ಇದ್ದದ್ದು ಅರ್ಧ ಸೀಟುಗಳಿಗೆ ಮಾತ್ರ, ಅದೂ ಕನಿಷ್ಠ 9, ಗರಿಷ್ಠ 40. ಐವತ್ತು ಸೀಟಿನ ವಿಮಾನವಾದರೆ 25 ಸೀಟು. ಉಳಿದದ್ದನ್ನು ಕಂಪನಿ ತನಗೆ ಬೇಕಾದ ದರಕ್ಕೆ ಮಾರಬಹುದು. ದರದ ಮಿತಿಯನ್ನೂ ಬೆಲೆಯೇರಿಕೆಗೆ ತಕ್ಕಂತೆ ಪರಿಷ್ಕರಿಸುತ್ತಾರೆ. ಆದ್ದರಿಂದ ಹಬ್ಬದ ವಾರದಲ್ಲಿ ಕೊನೆಗಳಿಗೆಯಲ್ಲಿ ಹುಡುಕಿದರೆ ಅಗ್ಗದ ಸೀಟು ಸಿಗುವುದಿಲ್ಲ. ತಾರೀಕು ಗೊತ್ತಾದ ದಿನವೇ ಕಾದಿರಿಸಿ.

ಬುಕ್ ಮಾಡುವಾಗ ಯಾವ ವಿಮಾನ ಅಂತ ನೋಡಿ. ಇಂಥ ಮಾರ್ಗಗಳಲ್ಲಿ ಸಾಮಾನ್ಯವಾಗಿ ಬರುವುದು ಎಟಿಆರ್ 72 ಅಥವಾ ಎಂಬ್ರೇಯರ್. ಎಟಿಆರ್‌ನಲ್ಲಿ ಹತ್ತುವ ಬಾಗಿಲು ಹಿಂದೆ, ಮುಂದೆ ಸಾಮಾನಿನ ಕೋಣೆ. ಪ್ರೊಪೆಲ್ಲರ್ ರೆಕ್ಕೆಯ ಮೇಲಿರುವುದರಿಂದ ಮುಂದಿನ ಮತ್ತು ನಡುವಿನ ಸಾಲುಗಳಲ್ಲಿ ಸದ್ದು, ನಡುಕ ಹೆಚ್ಚು. ಹಿಂದಿನ ಸಾಲಿನಲ್ಲಿ ಕೂತರೆ ಕಿವಿಗೂ ಆರಾಮ, ಇಳಿಯುವುದೂ ಬೇಗ. ಎಂಬ್ರೇಯರ್ 145ರಲ್ಲಿ ಇದು ತಿರುಗುಮುರುಗು. ಎಂಜಿನ್ ಬಾಲದ ಹತ್ತಿರ ಇರುವುದರಿಂದ ಮುಂದೆ ಕೂರಬೇಕು. ಅದರಲ್ಲಿ ಒಂದು ಬದಿಗೆ ಒಂದೇ ಸೀಟು, ಇನ್ನೊಂದು ಬದಿಗೆ ಎರಡು. ಒಬ್ಬರೇ ಹೋಗುವುದಾದರೆ 'ಎ' ಸೀಟು ಹಿಡಿಯಿರಿ, ಕಿಟಕಿಯೂ ನಿಮ್ಮದೇ, ನಡೆಯುವ ದಾರಿಯೂ ನಿಮ್ಮ ಪಕ್ಕಕ್ಕೇ. ಎರಡರಲ್ಲೂ ತಲೆ ಮೇಲಿನ ಗೂಡು ಸಣ್ಣದು. ದೊಡ್ಡ ವಿಮಾನದಲ್ಲಿ ಸಲೀಸಾಗಿ ಹೋಗುವ ಟ್ರಾಲಿ ಇಲ್ಲಿ ಹಿಡಿಸದೆ, ಮೆಟ್ಟಿಲ ಬಳಿಯೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಔಷಧಿ, ರಿಪೋರ್ಟು, ಚಾರ್ಜರ್ ಬೇರೆ ಕೈಚೀಲದಲ್ಲಿರಲಿ. ಮೊಣಕಾಲು ನೋವಿನವರಿಗೆ ಇನ್ನೊಂದು ಮಾತು: ಏರೋಬ್ರಿಡ್ಜ್ (ನಿಲ್ದಾಣದಿಂದ ನೇರ ವಿಮಾನದೊಳಗೆ ನಡೆದು ಹೋಗುವ ಸೇತುವೆ) ಸಿಗುವುದು ಅಪರೂಪ, ಮೆಟ್ಟಿಲು ಹತ್ತಲೇಬೇಕಾಗುತ್ತದೆ. ವೀಲ್‌ಚೇರ್ ಬೇಕಿದ್ದರೆ ಟಿಕೆಟ್ ಜೊತೆಗೇ ಹೇಳಿಡಿ. ಬೀದರ್ ವಾಯುಪಡೆಯ ನೆಲೆಯೂ ಆಗಿರುವುದರಿಂದ ರನ್‌ವೇ ಕಡೆ ಫೋಟೊ, ವಿಡಿಯೊ ತೆಗೆಯಬೇಡಿ.

ಈ ಸೇವೆಯ ದೊಡ್ಡ ಕೊರತೆ ರದ್ದತಿ ಮತ್ತು ವಿಳಂಬ. ಸಣ್ಣ ಕಂಪನಿಯ ಒಂದೇ ವಿಮಾನ ದಿನವಿಡೀ ನಾಲ್ಕೈದು ಊರು ಸುತ್ತುತ್ತದೆ. ಬೆಳಗಿನ ಮೊದಲ ಊರಲ್ಲಿ ಮಂಜು ಕವಿದು ಒಂದು ಗಂಟೆ ತಡವಾದರೆ ಆ ಒಂದು ಗಂಟೆ ಸಂಜೆಯ ಊರಿನವರೆಗೂ ಜೊತೆಗೇ ಬರುತ್ತದೆ. ಕೆಟ್ಟುನಿಂತರೆ ಬದಲಿಗೆ ಕಳಿಸಲು ಇನ್ನೊಂದು ವಿಮಾನ ಇರುವುದಿಲ್ಲ. ಪೈಲಟ್‌ಗಳ ಕರ್ತವ್ಯದ ಅವಧಿಗೂ ಮಿತಿ ಇದೆ, ಸಣ್ಣ ನಿಲ್ದಾಣ ತೆರೆದಿರುವ ಹೊತ್ತಿಗೂ ಮಿತಿ ಇದೆ. ಅದು ದಾಟಿತೆಂದರೆ ವಿಳಂಬವಾಗಿದ್ದದ್ದು ರದ್ದಾಗುತ್ತದೆ. ಬೆಂಗಳೂರಿನಲ್ಲಿ ದಟ್ಟ ಮಂಜಿನಲ್ಲೂ ಇಳಿಸುವ ಸಲಕರಣೆ ಇದೆಯಲ್ಲ ಅಂತ ಕೇಳುತ್ತಾರೆ. ಅದನ್ನು ಬಳಸಲು ವಿಮಾನಕ್ಕೂ ಪೈಲಟ್‌ಗಳಿಗೂ ಅನುಮತಿ ಇರಬೇಕು, ಮೇಲಾಗಿ ಹೋಗಿ ಇಳಿಯುವ ಸಣ್ಣ ಊರಿನಲ್ಲಿ ಆ ಸಲಕರಣೆ ಇರುವುದಿಲ್ಲ.

ಪರಿಹಾರದ ನಿಯಮ ತಿಳಿದಿರಲಿ. ಎರಡು ಗಂಟೆ ತಡವಾದರೆ ತಿಂಡಿ-ಊಟ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ ಅಥವಾ ಟಿಕೆಟಿನ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸಬ್ಸಿಡಿ ಪ್ರಯಾಣಿಕರಿಗೆ ಪೆಟ್ಟು ಬೀಳುವುದು ಇಲ್ಲೇ. ಟಿಕೆಟ್ ಅಗ್ಗವಾದಷ್ಟೂ ಪರಿಹಾರವೂ ಅಗ್ಗ. ಹವಾಮಾನದ ಕಾರಣಕ್ಕೆ ರದ್ದಾದರೆ ಅದೂ ಇಲ್ಲ. ಈ ನಿಯಮ ಬದಲಾಗಬೇಕು, ಯಾಕೆಂದರೆ ಇಂಥ ಊರಿನಲ್ಲಿ ವಿಮಾನ ತಪ್ಪಿದರೆ ಮರುದಿನವೂ ಇರುತ್ತದೆ ಎನ್ನುವ ಭರವಸೆಯಿಲ್ಲ. ಉಡಾನ್ ನಿಯಮದ ಪ್ರಕಾರ ಕಂಪನಿ ಒಂದು ಮಾರ್ಗದಲ್ಲಿ ವಾರಕ್ಕೆ ಮೂರು ಹಾರಾಟ ನಡೆಸಿದರೂ ಸಾಕು.

ಹಾಗಾಗಿ ಬೆಂಗಳೂರಿನಿಂದ ವಿದೇಶಕ್ಕೆ ಹೋಗುವವರು ಅದೇ ದಿನದ ಬೀದರ್ ವಿಮಾನವನ್ನು ನೆಚ್ಚಬೇಡಿ. ಎರಡು ಬೇರೆ ಟಿಕೆಟ್ ಆಗಿದ್ದರೆ ಮುಂದಿನ ವಿಮಾನ ತಪ್ಪಿದ್ದಕ್ಕೆ ಯಾರೂ ಹೊಣೆಯಲ್ಲ. ಹಿಂದಿನ ದಿನವೇ ಹೊರಡಿ, ಇಲ್ಲವೇ ರಸ್ತೆಯಲ್ಲಿ ಸುಮಾರು ಮೂರು ಗಂಟೆ ದೂರದ ಹೈದರಾಬಾದ್ ವಿಮಾನ ನಿಲ್ದಾಣ ಶಂಶಾಬಾದಿನಿಂದಲೇ ಹತ್ತಿ.

ಸೇವೆ ಎಷ್ಟು ದಿನ ಇರುತ್ತದೆ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಬೀದರಿಗೆ 2020ರ ಫೆಬ್ರವರಿಯಲ್ಲಿ ಟ್ರೂಜೆಟ್ ಬಂತು, ಆ ಕಂಪನಿಯೇ ನಿಂತುಹೋಯಿತು. 2022ರಲ್ಲಿ ಸ್ಟಾರ್ ಏರ್ ಬಂತು, ಅದರ ಬೀದರ್ ಹಾರಾಟವೂ ನಿಂತಿತು. ನಷ್ಟ ತುಂಬಿಕೊಡಲು ರಾಜ್ಯ ಸರ್ಕಾರ ಒಪ್ಪಿದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಉಡಾನ್‌ನಲ್ಲಿ ನಷ್ಟ ತುಂಬುವುದು ಮೂರು ವರ್ಷ ಮಾತ್ರ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿಯ ಪ್ರಕಾರ, ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಕಂಪನಿಗಳಿಗೆ ಕೊಟ್ಟ 774 ಮಾರ್ಗಗಳ ಪೈಕಿ 403 ಶುರುವೇ ಆಗಲಿಲ್ಲ. ಮೂರು ವರ್ಷ ಪೂರೈಸಿದ್ದು 112, ಅದರಾಚೆಗೂ ಉಳಿದದ್ದು 54. ಮೂರು ವರ್ಷದಲ್ಲಿ ತನ್ನ ಕಾಲ ಮೇಲೆ ನಿಲ್ಲುವಷ್ಟು ಪ್ರಯಾಣಿಕರು ಸಣ್ಣ ಊರಲ್ಲಿ ಹುಟ್ಟಿಕೊಳ್ಳುತ್ತಾರೆ ಎನ್ನುವ ಲೆಕ್ಕವೇ ತಪ್ಪು. ಹಳ್ಳಿಗೆ ಹೋಗುವ ಸರ್ಕಾರಿ ಬಸ್ಸಿನಿಂದ ಯಾರೂ ಲಾಭ ಕೇಳುವುದಿಲ್ಲ. ಈ ವಿಮಾನಕ್ಕೂ ಹಾಗೆಯೇ ವರ್ಷವರ್ಷವೂ ಬಜೆಟ್‌ನಲ್ಲಿ ಹಣ ಇಡಬೇಕು.

ಟಿಕೆಟ್ ಕೊಳ್ಳುವ ಮುನ್ನ ಕ್ಯಾಲೆಂಡರ್ ನೋಡಿ. ಬೇಸಿಗೆ ವೇಳಾಪಟ್ಟಿ ಮಾರ್ಚ್‌ನ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್‌ನ ಕೊನೆಯ ಭಾನುವಾರ ಜಾರಿಗೆ ಬರುತ್ತದೆ. ವಾರದ ದಿನಗಳು ಬದಲಾಗುವುದು, ಮಾರ್ಗವೇ ಮಾಯವಾಗುವುದು ಹೆಚ್ಚಾಗಿ ಆಗಲೇ. ಅದರಾಚೆಯ ತಾರೀಕಿಗೆ ಬುಕ್ ಮಾಡಿದ್ದರೆ ಜೊತೆಗೊಂದು ರೈಲು ಟಿಕೆಟನ್ನೂ ಇಟ್ಟುಕೊಳ್ಳಿ. ಟಿಕೆಟಿನಲ್ಲಿ ಏಜೆಂಟರ ನಂಬರ್ ಬದಲು ನಿಮ್ಮದೇ ಮೊಬೈಲ್ ನಂಬರ್ ಇರಲಿ. ರದ್ದಾದ ಸಂದೇಶ ಬರುವುದು ಅಲ್ಲಿರುವ ನಂಬರಿಗೆ.