ಕಲಬುರಗಿ ನರ್ಸರಿಗಳ ಮೆಂಟಾಲಿ ಸಸಿ: ಎತ್ತರ ನೋಡಿ ಕೊಳ್ಳಬೇಡಿ

ಮನೆ ಮುಂದೆ ಬೇಗ ನೆರಳಾಗುವ ಗಿಡ ಕೊಡಿ ಅಂದರೆ ಕಲಬುರಗಿಯ ನರ್ಸರಿಯವರು ಈಗ ತೋರಿಸುವುದು ಟರ್ಮಿನೇಲಿಯಾ ಮೆಂಟಾಲಿ. ಮಡಗಾಸ್ಕರ್ ಮೂಲದ, ಕಾಡುಬಾದಾಮಿಯ ಕುಲದ ಮರ. ಸಣ್ಣೆಲೆ, ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚುವ ಕೊಂಬೆ. ನೀರು ಸಿಕ್ಕರೆ ಮೂರ್ನಾಲ್ಕು ವರ್ಷಕ್ಕೆ ಕಾರು ನಿಲ್ಲಿಸುವಷ್ಟು ನೆರಳು. ಐದಕ್ಕೆ ಮೂರೂವರೆ ಅಂಕ. ಕಡಿತವಾದ ಒಂದೂವರೆ ಅಂಕ ಚೀಲದ ಲೆಕ್ಕಕ್ಕೆ.

ದರ ಅಡಿ ಲೆಕ್ಕದಲ್ಲಿ ಹೇಳುತ್ತಾರೆ, ಹಾಗಾಗಿ ಹತ್ತಡಿ ಗಿಡ ಸಣ್ಣ ಚೀಲದಲ್ಲೇ ವರ್ಷಗಟ್ಟಲೆ ಬೆಳೆದು ಒಳಗೆ ಬೇರು ಸುರುಳಿ ಸುತ್ತಿರುತ್ತದೆ. ಐದಾರು ಅಡಿಯದ್ದೇ ಸಾಕು. ಕಾಂಡ ಹಿಡಿದು ಅಲುಗಿಸಿ. ಬುಡದಲ್ಲೇ ಓಲಾಡಿದರೆ ಬಿಟ್ಟುಬಿಡಿ. ತುದಿ ಕತ್ತರಿಸಿದ್ದೂ ಬೇಡ. ಆಸರೆಯ ಬಿದಿರುಕಡ್ಡಿಗೆ ಬಿಗಿದ ಪ್ಲಾಸ್ಟಿಕ್ ದಾರ ತೊಗಟೆಗೆ ಕಚ್ಚಿದೆಯಾ ನೋಡಿ, ತಂದ ದಿನವೇ ಕತ್ತರಿಸಿ ತೆಗೆಯಿರಿ.

ನಿಜವಾದ ತೊಂದರೆ ಮಣ್ಣಿನದು. ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುವ ಸಸಿ ಕೆಂಪು ಮಣ್ಣಿನ ಮುದ್ದೆಯಲ್ಲಿರುತ್ತದೆ, ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಎರೆ ಕುಗ್ಗಿ ಮುದ್ದೆಯ ಸುತ್ತ ಬಿರುಕು ಬಿಡುತ್ತದೆ. ಹಾಕಿದ ನೀರು ಬಿರುಕಿಗೆ ಇಳಿದು, ಮುದ್ದೆ ಒಳಗೆ ಒಣಗಿಯೇ ಇರುತ್ತದೆ. ಮೇಲ್ಮಣ್ಣು ಹಸಿ, ಎಲೆಯಂಚು ಮಾತ್ರ ಸುಟ್ಟಂತಾದರೆ ಇದೇ ಕಾರಣ. ಮಳೆಗಾಲದಲ್ಲಿ ಅದೇ ಗುಂಡಿ ತೊಟ್ಟಿಯಂತೆ ನೀರು ಹಿಡಿದು ಬೇರು ಕೊಳೆಸುತ್ತದೆ.

ಅದಕ್ಕೇ ಗುಂಡಿ ಮೂರಡಿ ಅಗಲ, ಎರಡಡಿ ಆಳ ಇರಲಿ. ಗುಂಡಿಯ ಗೋಡೆಯನ್ನು ಹಾರೆಯಿಂದ ಕೆರೆದು ಒರಟು ಮಾಡಿ. ತೆಗೆದ ಮಣ್ಣು ಎರಡು ಪಾಲು, ಮುರುಮ್ (ಗರಸು ಮಣ್ಣು) ಒಂದು ಪಾಲು, ಕಳಿತ ತಿಪ್ಪೆಗೊಬ್ಬರ ಒಂದು ಪಾಲು; ಗೆದ್ದಲಿಗೆ ಒಂದು ಕೆಜಿ ಬೇವಿನ ಹಿಂಡಿ. ಮುದ್ದೆಗೆ ಉದ್ದುದ್ದ ಮೂರ್ನಾಲ್ಕು ಕಡೆ ಅರ್ಧ ಇಂಚು ಆಳಕ್ಕೆ ಬ್ಲೇಡ್ ಎಳೆದು ಸುರುಳಿ ಬೇರು ಕತ್ತರಿಸಿ, ನೆಲಕ್ಕಿಂತ ಎರಡು ಇಂಚು ಎತ್ತರಕ್ಕೆ ಕೂರಿಸಿ. ನರ್ಸರಿಯ ಆಳಿಗೆ ಬಿಟ್ಟರೆ ಅಡಿ ಗುಂಡಿ ತೋಡಿ ಹೂತು ಹೋಗುತ್ತಾನೆ, ಕೂಲಿ ದಂಡ. ಎರಡು ಗೂಟಕ್ಕೆ ಹಳೆ ಸೈಕಲ್ ಟ್ಯೂಬಿನಿಂದ ಸಡಿಲವಾಗಿ ಕಟ್ಟಿ, ವರ್ಷಕ್ಕೆ ಬಿಚ್ಚಿ.

ಮಿರಗದ ಮಳೆ ಹಿಡಿದ ಮೇಲೆ ನೆಡುವುದು ಒಳ್ಳೆಯದು. ಮೊದಲೆರಡು ಬೇಸಿಗೆ ನಾಲ್ಕೈದು ದಿನಕ್ಕೊಮ್ಮೆ ಇಪ್ಪತ್ತು ಲೀಟರ್ ನೀರನ್ನು ಕಾಂಡದ ಹತ್ತಿರವೇ ನಿಧಾನವಾಗಿ ಬಿಡಿ. ಕಬ್ಬಿನ ರವದಿ ಮೂರು ಇಂಚು ಹೊದಿಸಿ, ಕಾಂಡಕ್ಕೆ ತಾಗದಿರಲಿ. ನರ ಹಸಿರಾಗಿಯೇ ಇದ್ದು ಎಳೆ ಎಲೆ ಹಳದಿಯಾದರೆ ಯೂರಿಯಾ ಹಾಕಿ ಪ್ರಯೋಜನವಿಲ್ಲ: ಎರೆಯ ಸುಣ್ಣ, ಬೋರಿನ ಗಡಸು ನೀರು ಕಬ್ಬಿಣವನ್ನು ಬೇರಿಗೆ ಸಿಗದಂತೆ ಮಾಡುತ್ತವೆ. ಅಂಥ ಮಣ್ಣಿಗೆ ಬಿದ್ದ ಫೆರಸ್ ಸಲ್ಫೇಟೂ ಬೇಗ ವ್ಯರ್ಥ. ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರುವ ಚಿಲೇಟೆಡ್ ಕಬ್ಬಿಣ, ಅಂದರೆ ಸುಣ್ಣದ ಮಣ್ಣಿನಲ್ಲೂ ಬೇರಿಗೆ ಸಿಗುವ ರೂಪದ್ದು, ಕೊಳ್ಳಿ.

ಗೋಡೆಯಿಂದ ಹದಿನೈದು ಅಡಿ ದೂರ, ಕರೆಂಟ್ ತಂತಿಯ ಕೆಳಗೆ ಬೇಡವೇ ಬೇಡ. ಅಂಗಳಕ್ಕೆ ಶಹಾಬಾದ್ ಪರಸಿ ಹಾಸುವುದಿದ್ದರೆ ಬುಡಕ್ಕೆ ನಾಲ್ಕಡಿ ಚೌಕ ಖಾಲಿ ಬಿಡಿ. ಬೀದರದ ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವ ಕಾಟ ಕಡಿಮೆ, ತಳದ ಗಟ್ಟಿ ಪದರ ಒಡೆಯುವ ಕೆಲಸ ಹೆಚ್ಚು. ಮೇ ತಿಂಗಳಲ್ಲಿ ನೀರು ಹಾಕುವವರು ಮನೆಯಲ್ಲಿ ಇರುವುದಿಲ್ಲ ಅನ್ನುವವರಿಗೆ ಮೆಂಟಾಲಿಗಿಂತ ಹೊಂಗೆಯೇ ವಾಸಿ. ಬದಲಿಗೆ ಕೋನೋಕಾರ್ಪಸ್ ಕೊಡುತ್ತೇವೆ ಅಂದರೆ ಬೇಡ ಅನ್ನಿ, ಗುಜರಾತ್ 2023ರಲ್ಲೇ ಅದನ್ನು ನೆಡುವುದನ್ನು ನಿಷೇಧಿಸಿದೆ.