ಲಿನಕ್ಸ್ ಮಿಂಟ್: ಕಲಬುರಗಿಯ ರಿಪೇರಿ ಅಂಗಡಿಯಲ್ಲಿ ಹತ್ತನೇ ವರ್ಷ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಹಳೆಯ ಮಷೀನ್ ಕೂತಿರುತ್ತದೆ. ಎರಡನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಬಿಲ್ ಮಾಡುವುದು, ಗಿರಾಕಿಗಳ ಪೆನ್‌ಡ್ರೈವ್ ನೋಡುವುದು, ಕೆಟ್ಟ ಹಾರ್ಡ್ ಡಿಸ್ಕಿನಿಂದ ಫೋಟೋ ಹೊರಗೆ ತೆಗೆಯುವುದು, ಎಲ್ಲ ಅದರಲ್ಲೇ. 2016ರ ಫೆಬ್ರವರಿಯಿಂದ ಅದರಲ್ಲಿ ಲಿನಕ್ಸ್ ಮಿಂಟ್ ಇದೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಪುಕ್ಕಟೆ ಕಾರ್ಯಾಚರಣಾ ವ್ಯವಸ್ಥೆ. 17.3ನೇ ಆವೃತ್ತಿಯಲ್ಲಿ ಶುರು ಮಾಡಿದೆ, ಈಗ 22ಕ್ಕೆ ಬಂದಿದ್ದೇನೆ.

ಈಗ ಬರೆಯೋಕೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಲ್ಲಿಂದ ಅಂಗಡಿಗೆ ಬರುವವರ ಪ್ರಶ್ನೆ ಒಂದೇ. "ಅಣ್ಣಾ, ನಮ್ಮ ಕಂಪ್ಯೂಟರ್ ಬಂದ್ ಆಗ್ತದಂತಲ್ರಿ, ಖರೇನಾ?" ಬಂದ್ ಆಗುವುದಿಲ್ಲ. ಅದು ನಡೆಯುತ್ತಲೇ ಇರುತ್ತದೆ, ಭದ್ರತೆಯ ತೇಪೆಗಳು, ಅಂದರೆ ದೋಷ ಮುಚ್ಚುವ ಅಪ್‌ಡೇಟುಗಳು, ಮಾತ್ರ ಬರುವುದಿಲ್ಲ. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ಹೆಚ್ಚುವರಿ ತೇಪೆಗಳು ಸಿಗುತ್ತವೆ. ಅದಾದ ಮೇಲೆ ಏನು ಅನ್ನೋದೇ ಪ್ರಶ್ನೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮೇಲಿನದು ಬೇಕು. ನಮ್ಮ ಊರಿನ ಮನೆಗಳಲ್ಲಿರುವುದು ಏನು? ದೊಡ್ಡ ಊರುಗಳ ಆಫೀಸುಗಳು ಮಾರಿದ ನಾಲ್ಕನೇ, ಆರನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳು. ಹೋದ ತಿಂಗಳು ಬಿ.ಕಾಂ ಓದುವ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಅಪ್ಪ ಟೇಲರ್. ಎರಡು ವರ್ಷದ ಹಿಂದೆ 14 ಸಾವಿರ ಕೊಟ್ಟು ಲ್ಯಾಪ್‌ಟಾಪ್ ಕೊಡಿಸಿದ್ದರು. "ಹೊಸಾದೇ ತಗೋಬೇಕೇನ್ರಿ ಅಣ್ಣಾ?" ಅಂತ ಅವಳು ಕೇಳಿದಾಗ ಅಪ್ಪ ನೆಲ ನೋಡುತ್ತಿದ್ದರು. ಆ ಲ್ಯಾಪ್‌ಟಾಪಿಗೆ ಏನೂ ಆಗಿರಲಿಲ್ಲ. ಪರದೆ ಚೆನ್ನಾಗಿತ್ತು, ಕೀಬೋರ್ಡ್ ಚೆನ್ನಾಗಿತ್ತು. ತಪ್ಪಿದ್ದದ್ದು ಹುಟ್ಟಿದ ವರ್ಷ ಮಾತ್ರ.

ಕಂಪನಿ ಎಂದೆಂದಿಗೂ ತೇಪೆ ಹಚ್ಚುತ್ತ ಕೂರಲಿ ಅಂತ ನಾನು ಹೇಳುವುದಿಲ್ಲ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಹತ್ತು ವರ್ಷ ಕಡಿಮೆ ಅಲ್ಲ. ಆದರೆ 2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಏಳನೇ ತಲೆಮಾರಿನ ಎಷ್ಟೋ ಮಷೀನ್‌ಗಳಿಗೆ ಇನ್ನೂ ನಾಲ್ಕೋ ಐದೋ ವರ್ಷ ಆಗಿತ್ತು, ಅಷ್ಟೇ. ಅವನ್ನು ಹೊರಗಿಟ್ಟದ್ದು ತಪ್ಪು ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ದುಡ್ಡು ಕೊಟ್ಟು ತಂದ ವಸ್ತು ನಡೆಯುತ್ತಿರುವಾಗ ಅದು ಮುಗಿಯಿತು ಅಂತ ಹೇಳಬೇಕಾದವರು ತಂದವರು, ಮಾರಿದವರಲ್ಲ. ನಾನು ಮಿಂಟ್ ಹಿಡಿದುಕೊಂಡಿರೋದು ಇದಕ್ಕೇ.

ಮಿಂಟ್ ಶುರುವಾದದ್ದು 2006ರಲ್ಲಿ. ಶುರು ಮಾಡಿದವರು ಕ್ಲೆಮೆಂಟ್ ಲೆಫೆಬ್ರ್. ಉಬುಂಟು ಎಂಬ ಇನ್ನೊಂದು ಲಿನಕ್ಸಿನ ದೀರ್ಘಾವಧಿ ಆವೃತ್ತಿಯ ಮೇಲೆ ಇದನ್ನು ಕಟ್ಟುತ್ತಾರೆ, ಹಾಗಾಗಿ ಒಂದೊಂದು ಸರಣಿಗೆ ಐದು ವರ್ಷ ತೇಪೆ ಬರುತ್ತದೆ. 22ರ ಸರಣಿಗೆ 2029ರವರೆಗೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಡೆಸ್ಕ್‌ಟಾಪಿನ ಮೂರು ರೂಪ ಇವೆ, ಕೊನೆಯದು ಎಲ್ಲಕ್ಕಿಂತ ಹಗುರ. 4 ಜಿಬಿ ರ‍್ಯಾಮಿನ ಮಷೀನಿಗೆ ನಾನು ಎಕ್ಸ್‌ಎಫ್‌ಸಿಇ ಹಾಕುತ್ತೇನೆ, 8 ಜಿಬಿ ಇದ್ದರೆ ಸಿನಮನ್. ಆವೃತ್ತಿಗಳಿಗೆ ಹೆಣ್ಣುಮಕ್ಕಳ ಹೆಸರು: ರೋಸಾ, ಸಾರಾ, ತಾರಾ, ಉಲ್ಯಾನಾ, ವನೆಸ್ಸಾ, ವಿಲ್ಮಾ. ತಾರಾ ಬಂದ ವರ್ಷ ಅಂಗಡಿಯ ಹುಡುಗನಿಗೆ ಬಹಳ ಖುಷಿಯಾಗಿತ್ತು, ಅವನ ತಂಗಿಯ ಹೆಸರೂ ಅದೇ.

ನನ್ನ ಮೊದಲ ವಾರವೇ ಭಯದ ವಾರ. ನಾನು ಮಿಂಟ್ ಇಳಿಸಿಕೊಂಡ ಕೆಲವೇ ದಿನಕ್ಕೆ, 2016ರ ಫೆಬ್ರವರಿ 20ಕ್ಕೆ, ಮಿಂಟಿನ ಜಾಲತಾಣಕ್ಕೆ ಕಳ್ಳರು ನುಗ್ಗಿದರು. 17.3 ಸಿನಮನ್ ಆವೃತ್ತಿಯ ಕೊಂಡಿಯನ್ನೇ ಬದಲಿಸಿ, ಗುಟ್ಟಾಗಿ ಒಳಬರಲು ಹಿಂಬಾಗಿಲು ಇಟ್ಟ ನಕಲಿ ಕಡತ ಇಳಿಯುವಂತೆ ಮಾಡಿದ್ದರು. ನನ್ನದೂ ಅದೇ ಆವೃತ್ತಿ! ರಾತ್ರಿ ಊಟ ಬಿಟ್ಟು ಅಂಗಡಿಗೆ ಓಡಿದೆ. ಅಸಲಿ ಕಡತದ ಮೊತ್ತದ ಸಂಖ್ಯೆಯನ್ನು (ಚೆಕ್‌ಸಮ್, ಕಡತ ಚೂರು ಬದಲಾದರೂ ಇದು ಬೇರೆಯಾಗುತ್ತದೆ) ಮಿಂಟಿನವರು ಪ್ರಕಟಿಸಿದ್ದರು. ನನ್ನ ಕಡತದ ಸಂಖ್ಯೆ ತೆಗೆದು ಒಂದೊಂದೇ ಅಕ್ಷರ ಬೆರಳಿಟ್ಟು ಹೋಲಿಸಿದೆ. ತಾಳೆಯಾಯಿತು. ನನ್ನದು ಅಸಲಿ.

ಆವತ್ತು ಇದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಯಾಕೆಂದರೆ ಲೆಫೆಬ್ರ್ ತಡಮಾಡದೆ ಎಲ್ಲವನ್ನೂ ಬಿಚ್ಚಿ ಬರೆದರು. ಯಾವ ದಾರಿಯಿಂದ ನುಗ್ಗಿದರು, ಯಾವ ಕಡತ ಕೆಟ್ಟಿತು, ಈಗ ಏನು ಮಾಡಬೇಕು, ಎಲ್ಲ. ತಪ್ಪಾದಾಗ ಹೀಗೆ ಎದುರು ನಿಂತು ಹೇಳುವವರು ಈ ಧಂದೆಯಲ್ಲಿ ಕಡಿಮೆ. ಅವತ್ತಿನಿಂದ ಏನೇ ಇಳಿಸಿದರೂ ಮೊತ್ತ ತಾಳೆ ನೋಡದೆ ಪೆನ್‌ಡ್ರೈವಿಗೆ ಹಾಕುವುದಿಲ್ಲ. ಅಂಗಡಿಯ ಹುಡುಗನಿಗೂ ಮೊದಲು ಕಲಿಸಿದ್ದು ಅದನ್ನೇ.

ದಿನದ ಬಳಕೆ ಹೇಗಿದೆ ಅಂದರೆ, ಹೇಳೋಕೆ ಜಾಸ್ತಿ ಇಲ್ಲ. ಬೆಳಿಗ್ಗೆ ಒತ್ತುತ್ತೇನೆ, ಏಳುತ್ತದೆ. ಅಪ್‌ಡೇಟ್ ಬಂದರೆ ಮೂಲೆಯಲ್ಲಿ ಗುರುತು ತೋರಿಸುತ್ತದೆ, ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಇದಕ್ಕೆ ಇನ್ನೊಂದು ಮುಖವೂ ಇದೆ. ಬಲವಂತ ಇಲ್ಲದಿದ್ದರೆ ಜನ ಅಪ್‌ಡೇಟ್ ಮಾಡುವುದೇ ಇಲ್ಲ. ಎಷ್ಟೋ ಜನ ಬೆಂಬಲ ಮುಗಿದ ಆವೃತ್ತಿಯನ್ನೇ ಓಡಿಸುತ್ತಿದ್ದಾರೆ ಅಂತ 2021ರಲ್ಲಿ ಮಿಂಟಿನವರೇ ಹೇಳಿ, ನೆನಪಿಸುವ ವ್ಯವಸ್ಥೆ ತಂದರು. ಅದು ಸರಿಯಾದ ಕೆಲಸ. ದೊಡ್ಡ ಅಪ್‌ಡೇಟಿಗೆ ಮುಂಚೆ ನಾನು ಟೈಮ್‌ಶಿಫ್ಟ್‌ನಲ್ಲಿ ಒಂದು ಪ್ರತಿ ಉಳಿಸಿಕೊಳ್ಳುತ್ತೇನೆ. ಏನಾದರೂ ಕೆಟ್ಟರೆ ಹತ್ತು ನಿಮಿಷದಲ್ಲಿ ನಿನ್ನೆಗೆ ಹೋಗಬಹುದು. ಒಮ್ಮೆ ಹಳೆಯ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಕೈಕೊಟ್ಟಾಗ ಅದೇ ಉಳಿಸಿತು.

ವೇಗದ ಬಗ್ಗೆ ನಿಜ ಹೇಳಬೇಕು. "ಮಿಂಟ್ ಹಾಕಿದ ಮೇಲೆ ಭಾಳ ಫಾಸ್ಟ್ ಆಯ್ತ್ರಿ" ಅಂತ ಗಿರಾಕಿಗಳು ಹೇಳುತ್ತಾರೆ. ಅದರಲ್ಲಿ ಅರ್ಧ ಶ್ರೇಯ ಜೊತೆಗೆ ಹಾಕುವ ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕಿಗೆ) ಸಲ್ಲಬೇಕು. ಉಳಿದದ್ದರಲ್ಲಿ ಇನ್ನರ್ಧ ಬ್ಲೋವರಿಗೆ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಬಿಸಿಲು. ಜೊತೆಗೆ ರಸ್ತೆಯ ಧೂಳು. ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ಹಿಂದೆ ಕಂಬಳಿಯ ಹಾಗೆ ಧೂಳು ಕೂತಿರುತ್ತದೆ, ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಕಾದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಯಾವ ತಂತ್ರಾಂಶ ಹಾಕಿದರೂ ಅದು ಸರಿ ಹೋಗಲ್ಲ. ಮೊದಲು ಧೂಳು ತೆಗೆಸಿ, ಆಮೇಲೆ ಮಿಂಟ್.

ಕನ್ನಡದ ವಿಷಯಕ್ಕೆ ಬರುತ್ತೇನೆ. ಇದು ನನಗೆ ಹತ್ತಿರದ್ದು.

ಆಳಂದ ರಸ್ತೆಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸತ್ತುಹೋದ ಡೆಸ್ಕ್‌ಟಾಪ್ ಒಂದನ್ನು ಆಟೋದಲ್ಲಿ ತಂದರು. ಹಳ್ಳಿ ಹಳ್ಳಿ ತಿರುಗಿ ಹಂತಿ ಪದ ಬರೆದುಕೊಂಡು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು, ಸುಮಾರು 300 ಪುಟ. ರಾತ್ರಿ ಕಣದಲ್ಲಿ ಎತ್ತು ಕಟ್ಟಿ ಮೇಟಿ ಸುತ್ತ ಹಂತಿ ಹೊಡೆಯುವಾಗ ಹಾಡುತ್ತಿದ್ದ ಪದಗಳು. ಈಗ ರಾಶಿ ಮಾಡೋದು ಮಷೀನು. "ತಮ್ಮಾ, ಇವು ಹಾಡಿದ ಮಂದಿ ಈಗ ಯಾರೂ ಉಳದಿಲ್ಲ. ಇದೂ ಹೋದ್ರ ಮುಗೀತು" ಅಂದರು.

ಡಿಸ್ಕನ್ನು ನನ್ನ ಮಿಂಟ್ ಮಷೀನಿಗೆ ಜೋಡಿಸಿದೆ. ಕಡತಗಳು ಸಿಕ್ಕವು. ತೆರೆದರೆ ಒಂದು ಅಕ್ಷರವೂ ಕನ್ನಡ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳ ಕಥೆ ಗೊತ್ತಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಚಿತ್ರ ಕೂರಿಸಿದ್ದರು. ನೀವು ‘ಕ’ ಒತ್ತಿದರೆ ಒಳಗೆ ದಾಖಲಾಗುವುದು ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ. ಆ ಫಾಂಟ್ ಇರುವವರೆಗೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡ್ ಹಾಗಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆ ಅದು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಿಂದಲೇ ಜಾಗ ಇತ್ತು. ಆದರೂ ಎಷ್ಟೋ ಆಫೀಸು, ಪ್ರೆಸ್ಸುಗಳಲ್ಲಿ ಇನ್ನೂ ಹಳೆಯ ಫಾಂಟುಗಳೇ ನಡೆಯುತ್ತಿವೆ. ಯಾವ ಫಾಂಟ್ ಚೆಂದ ಅಂತ ಜಗಳಾಡುತ್ತೇವೆ, ಬರೆದದ್ದು ನಾಳೆ ಓದಲು ಸಿಗುತ್ತದೆಯೇ ಅಂತ ಕೇಳುವುದಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ.

ಸಂಚಯ ಎಂಬ ಕನ್ನಡ ತಂತ್ರಜ್ಞಾನ ತಂಡದವರ ಪರಿವರ್ತಕದಲ್ಲಿ ಹಾಕಿ ಪುಟಪುಟವಾಗಿ ಯೂನಿಕೋಡಿಗೆ ತಂದೆವು. ಅಲ್ಲಲ್ಲಿ ಅರ್ಕಾವತ್ತು ತಪ್ಪಿತ್ತು, ಅದನ್ನು ಮೇಷ್ಟ್ರೇ ಕೂತು ತಿದ್ದಿದರು. ಮೂರು ವಾರ ಸಂಜೆ ಸಂಜೆ ಬರುತ್ತಿದ್ದರು. ಮಿಂಟಿನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸ ಮೊದಲೇ ಇದೆ. ನುಡಿಯಲ್ಲಿ ಇರುವಂಥದ್ದೇ, ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಹಿರಿಯರಾದ ಕೆ.ಪಿ. ರಾವ್ ಅವರ ಯೋಚನೆಯಿಂದ ಬಂದದ್ದು. ಬೇರೆ ಏನೂ ಹಾಕಬೇಕಾಗಿಲ್ಲ. ಮೇಷ್ಟ್ರಿಗೆ ಹೊಸದಾಗಿ ಕಲಿಯುವುದೇ ಇರಲಿಲ್ಲ, ಬೆರಳು ತಾನೇ ಓಡಿತು. ಗುಬ್ಬಿ, ನವಿಲು ಅಂತ ಕನ್ನಡ ಫಾಂಟುಗಳೂ ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ.

ಇನ್ನು ಜಗಳಗಳ ಬಗ್ಗೆ. ಈ ಲೋಕದಲ್ಲಿ ಜಗಳಕ್ಕೆ ಬರ ಇಲ್ಲ. ನನಗೆ ಮುಖ್ಯ ಅನ್ನಿಸಿದವನ್ನು ಮಾತ್ರ ಹೇಳುತ್ತೇನೆ.

2020ರ ಸ್ನ್ಯಾಪ್ ಜಗಳ. ಉಬುಂಟು 20.04ರಲ್ಲಿ ಕ್ರೋಮಿಯಂ ಬ್ರೌಸರನ್ನು ಹಳೆಯ ಕ್ರಮದಲ್ಲಿ ಹಾಕಿದರೆ ಬರುತ್ತಿದ್ದದ್ದು ಖಾಲಿ ಪೊಟ್ಟಣ. ಅದು ಸದ್ದಿಲ್ಲದೆ ಉಬುಂಟು ಮಾಡುವ ಕ್ಯಾನೊನಿಕಲ್ ಕಂಪನಿಯ ತಂತ್ರಾಂಶ ಹಂಚುವ ‘ಸ್ನ್ಯಾಪ್’ ಅಂಗಡಿಗೆ ಹೋಗಿ ಅಲ್ಲಿಂದ ತರುತ್ತಿತ್ತು. ಕೇಳಿದ್ದು ಒಂದು, ಬಂದದ್ದು ಇನ್ನೊಂದು. ಮಿಂಟ್ 20 ಅದನ್ನು ಬಾಗಿಲಲ್ಲೇ ತಡೆಯಿತು. ಬೇಕಾದವರು ಆ ತಡೆ ತೆಗೆದು ಹಾಕಿಕೊಳ್ಳಬಹುದು, ದಾರಿಯನ್ನೂ ಬರೆದಿಟ್ಟಿದ್ದಾರೆ. ಇದು ಹಟ ಅಂತ ಕೆಲವರು ಅಂದರು. ನನಗೆ ಹಾಗನ್ನಿಸಲಿಲ್ಲ. ಸ್ನ್ಯಾಪ್ ಒಳ್ಳೆಯದೋ ಕೆಟ್ಟದ್ದೋ ಬೇರೆ ಮಾತು, ಕೇಳದೆ ಹಾಕಬಾರದು.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ರೀಕಾಲ್ ಘೋಷಿಸಿತು. ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ಹುಡುಕಲು ಕೊಡುವ ಸೌಲಭ್ಯ. ಆ ಮಾಹಿತಿ ಸರಿಯಾದ ಕಾವಲಿಲ್ಲದೆ ಕೂತಿದೆ ಅಂತ ಭದ್ರತೆ ಬಲ್ಲವರು ತೋರಿಸಿದ ಮೇಲೆ ಜೂನಿನಲ್ಲಿ ಅದನ್ನು ಮುಂದೂಡಿದರು. ಬೇಕೆಂದವರಿಗೆ ಮಾತ್ರ ಅಂತಲೂ ಬದಲಿಸಿದರು. ಅದು ಹೊಸ ಬಗೆಯ ಮಷೀನುಗಳಿಗಷ್ಟೇ, ನಮ್ಮ ಹಳೆಯವಕ್ಕೆ ಬರುವುದಿಲ್ಲ. ಆದರೂ ಯೋಚನೆ ಮಾಡಿ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಸೇರಿ ಇರೋದು ಒಂದೇ ಕಂಪ್ಯೂಟರ್. ಅಕ್ಕ ವೈದ್ಯರಿಗೆ ಏನು ಬರೆದಳು, ತಮ್ಮ ಯಾವ ಕೆಲಸಕ್ಕೆ ಅರ್ಜಿ ಹಾಕಿದ ಅನ್ನೋದು ಚಿತ್ರವಾಗಿ ಉಳಿದರೆ ಅದನ್ನು ನೋಡುವವರು ದೂರದ ಕಳ್ಳರಲ್ಲ, ಮನೆಯವರೇ. ಒಬ್ಬರಿಗೊಂದು ಕಂಪ್ಯೂಟರ್ ಅಂದುಕೊಂಡು ಮಾಡಿದ ವಸ್ತು ಅದು.

ಹಾಗಂತ ವಿಂಡೋಸ್ ಮೇಲೆ ಸುಮ್ನೆ ಗೂಬೆ ಕೂರಿಸುವುದೂ ಸರಿಯಲ್ಲ. 2024ರ ಜುಲೈ 19ಕ್ಕೆ 85 ಲಕ್ಷ ವಿಂಡೋಸ್ ಮಷೀನ್‌ಗಳು ನೀಲಿ ಪರದೆಗೆ ಬಿದ್ದವು, ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಕೆಟ್ಟ ಅಪ್‌ಡೇಟ್‌ನಿಂದ. ಅದೇ ವರ್ಷದ ಮಾರ್ಚಿನಲ್ಲಿ ಲಿನಕ್ಸಿಗೇ ಕುತ್ತು ಬಂದಿತ್ತು. ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶವನ್ನು ಒಬ್ಬರೇ ದುಡ್ಡಿಲ್ಲದೆ ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆ ಬಂದವನಂತೆ ಸೇರಿಕೊಂಡ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ ಒಳಗೆ ಹಿಂಬಾಗಿಲು ಇಟ್ಟ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿ ಅದನ್ನು ಹಿಡಿದರು. ಅವರು ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟಿನಲ್ಲೇ! ಮಿಂಟ್ ಆಗ ಹಳೆಯ ಆವೃತ್ತಿಯ ಎಕ್ಸ್‌ಝಡ್ ಇಟ್ಟುಕೊಂಡಿದ್ದರಿಂದ ಅದಕ್ಕೇನೂ ಆಗಲಿಲ್ಲ. ಆವತ್ತಿನಿಂದ ನಾನು ವರ್ಷಕ್ಕೊಮ್ಮೆ ಮಿಂಟಿಗೆ ಒಂದಿಷ್ಟು ದೇಣಿಗೆ ಕಳಿಸುತ್ತೇನೆ. ಪುಕ್ಕಟೆ ಸಿಗುತ್ತದೆ ಅಂದರೆ ಅದರ ಹಿಂದೆ ಯಾರೋ ನಿದ್ದೆಗೆಟ್ಟಿರುತ್ತಾರೆ, ಅಲ್ವಾ?

ನಾನು ಈ ಧಂದೆ ಶುರು ಮಾಡಿದಾಗ ಗಿರಾಕಿ ಕೇಳಿದರೆ ಕಳ್ಳ ವಿಂಡೋಸ್ ಹಾಕಿಕೊಟ್ಟಿದ್ದೇನೆ. ಒಂದು ಝೆರಾಕ್ಸ್ ಅಂಗಡಿಯ ಮಷೀನಿನಲ್ಲಿ ಕಳ್ಳ ವಿಂಡೋಸನ್ನು ಅಸಲಿಯಂತೆ ನಡೆಸುವ ಆಕ್ಟಿವೇಟರ್ ಜೊತೆ ಬಂದ ವೈರಸ್ ಎಲ್ಲ ಕಡತಗಳಿಗೆ ಬೀಗ ಹಾಕಿತು. ಅದರಲ್ಲಿ ಬೇರೆಯವರ ದಾಖಲೆಗಳೂ ಇದ್ದವು. ಅದಾದ ಮೇಲೆ ಆ ಕೆಲಸ ಬಿಟ್ಟೆ.

ಯಾರಿಗೆ ಮಿಂಟ್ ಬೇಡ? ಟ್ಯಾಲಿ ಮೇಲೆ ಅಂಗಡಿ ನಡೆಸುವವರಿಗೆ ಬೇಡ, ಅದು ವಿಂಡೋಸಿಗೆ ಮಾಡಿದ್ದು. ಫೋಟೋಶಾಪ್ ಮೇಲೆ ಬದುಕುವ ಸ್ಟುಡಿಯೋದವರಿಗೂ ಬೇಡ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡು ಅರ್ಜಿ ಹಾಕುವವರು ಮೊದಲು ಆ ಯಂತ್ರ ನಡೆಯುತ್ತದೆಯೇ ಅಂತ ನೋಡಿಕೊಳ್ಳಬೇಕು. ಇಲ್ಲಿನ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಒಂದು ಹಳೆಯ ಲೇಸರ್ ಪ್ರಿಂಟರಿಗೆ ಡ್ರೈವರ್ ಕೂರಿಸಲು ನಾನು ಎರಡು ದಿನ ಒದ್ದಾಡಿದ್ದೇನೆ. ಪ್ರಿಂಟರ್ ಹೊಸದಾಗಿ ಕೊಳ್ಳುವವರು ಲಿನಕ್ಸಿಗೆ ನಡೆಯುತ್ತದೆಯೇ ಅಂತ ಕೇಳಿಯೇ ಕೊಳ್ಳಿ.

ಓದುವ ಮಕ್ಕಳಿಗೆ, ಬರೆಯುವವರಿಗೆ, ಬ್ರೌಸರಿನಲ್ಲೇ ಕೆಲಸ ಮುಗಿಯುವ ಮನೆಗಳಿಗೆ ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಡಿಸ್ಕಿಗೆ ಕೈ ಹಚ್ಚಬೇಕಾಗಿಲ್ಲ. ವೈಫೈ ಹಿಡಿಯುತ್ತದೆಯೇ, ಶಬ್ದ ಬರುತ್ತದೆಯೇ ಅನ್ನೋದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಟೇಲರ್ ಮಗಳಿಗೂ ಹಾಗೇ ಮಾಡಿದೆ. ಒಂದು ವಾರ ಪೆನ್‌ಡ್ರೈವ್‌ನಲ್ಲಿ ಓಡಿಸಿ, ಆಮೇಲೆ ಬಂದು "ಹಾಕ್ರಿ ಅಣ್ಣಾ" ಅಂದಳು. ಎಸ್‌ಎಸ್‌ಡಿ ಸೇರಿ 1,900 ರೂಪಾಯಿ ಖರ್ಚಾಯಿತು.

ಒಂದು ಕೊರತೆ ಉಳಿದಿದೆ, ಅದು ನಮ್ಮದೇ. ಭಾಷೆ ಕನ್ನಡ ಅಂತ ಆಯ್ದುಕೊಂಡರೂ ಮೆನುಗಳಲ್ಲಿ ಅಲ್ಲಲ್ಲಿ ಇಂಗ್ಲಿಷೇ ಕಾಣುತ್ತದೆ. ಅನುವಾದ ಮಾಡುವ ಕನ್ನಡಿಗರು ಕಡಿಮೆ. ಲಾಂಚ್‌ಪ್ಯಾಡ್‌ನಲ್ಲಿ (ಇಂಥ ಅನುವಾದ ನಡೆಯುವ ಜಾಲತಾಣ) ಖಾತೆ ತೆರೆದರೆ ಯಾರು ಬೇಕಾದರೂ ಸಾಲುಗಳನ್ನು ಸೂಚಿಸಬಹುದು. ನಾನು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಹತ್ತು ಸಾಲು ಮಾಡುತ್ತೇನೆ. ಮೊನ್ನೆ ಪೆನ್‌ಡ್ರೈವ್ ತೆಗೆಯುವ ಮುಂಚೆ ಒತ್ತುವ ‘ಇಜೆಕ್ಟ್’ಗೆ ಏನು ಹಾಕೋದು ಅಂತ ಕೂತಿದ್ದೆ. ‘ಹೊರದೂಡು’ ಅಂತ ಬರೆದಿದ್ದೆ. ಮೇಷ್ಟ್ರು ನೋಡಿ, "ಅದ್ಯಾಕೋ ತಮ್ಮಾ ಅದನ್ನ ದೂಡ್ತಿ? ‘ಬಿಡಿಸು’ ಅಂತ ಬರಿ" ಅಂದರು. ಹಾಗೇ ಬರೆದೆ.