ವಾಲ್ಕಿರಿಯ ಹಿಂದಿನ ಚಕ್ರಕ್ಕೆ ಬೈಕ್ ಟೈರೋ, ಕಾರ್ ಟೈರೋ? ಎರಡನ್ನೂ ಓಡಿಸಿ ನೋಡಿದ್ದು

ನನ್ನದು 1999ರ ಹೋಂಡಾ ವಾಲ್ಕಿರಿ ಬೈಕ್. 1520 ಸಿಸಿ, ಆರು ಸಿಲಿಂಡರ್, ಮುನ್ನೂರು ಕಿಲೋ ದಾಟುವ ತೂಕ. ಓಹಾಯೋದ ಮೇರಿಸ್‌ವಿಲ್‌ನಲ್ಲಿ ತಯಾರಾದ ಗಾಡಿ. ನಾನಿರುವ ಕೊಲಂಬಸ್‌ಗೆ ಆ ಊರು ಹತ್ತಿರವೇ. ಇಷ್ಟು ಭಾರದ ಗಾಡಿ ಹಿಂದಿನ ಟೈರನ್ನು ಬೇಗ ತಿಂದು ಹಾಕುತ್ತದೆ. ನನ್ನ ಓಡಾಟಕ್ಕೆ ಬೈಕ್ ಟೈರ್ ಒಂಬತ್ತು ಸಾವಿರ ಮೈಲಿಗೇ ನಡುವೆ ಚಪ್ಪಟೆಯಾಗಿಬಿಡುತ್ತಿತ್ತು. ಅದಕ್ಕೇ ಇಲ್ಲಿನ ಹಳೇ ಸವಾರರಲ್ಲಿ ಕೆಲವರು ಹಿಂದಕ್ಕೆ ಕಾರ್ ಟೈರ್ ಹಾಕಿಕೊಳ್ಳುತ್ತಾರೆ. ಹಾಗೆ ಮಾಡುವುದಕ್ಕೆ ‘ಡಾರ್ಕ್ ಸೈಡ್’ ಅಂತ ಹೆಸರೂ ಇದೆ. ನಾನೂ ಒಂದು ಹಾಕಿಸಿ, 26 ಸಾವಿರ ಮೈಲಿ ಓಡಿಸಿದೆ.

ಕಂಪನಿ ಹಿಂದಿನ ಚಕ್ರಕ್ಕೆ ಕೊಡುವ ಸೈಜ್ 180/70 ಆರ್ 16, ಅಂದರೆ ಅಗಲ 180 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 70, ರಿಮ್ 16 ಇಂಚು. ನಾನು ಹಾಕಿಸಿದ್ದು 205/60 ಆರ್ 16. ಲೆಕ್ಕ ಹಾಕಿದರೆ ಟೈರಿನ ಒಟ್ಟು ಎತ್ತರದಲ್ಲಿ ಆರು ಮಿಲಿಮೀಟರ್ ಅಷ್ಟೇ ಕಡಿಮೆ. ಭಾರ ಹೊರುವ ಶಕ್ತಿ ಮಾತ್ರ ಬೇರೆಯೇ. ಬೈಕ್ ಟೈರಿನ ಮೇಲೆ 77 ಅಂತ ಇರುತ್ತದೆ, ಅಂದರೆ 412 ಕಿಲೋ. ಕಾರ್ ಟೈರಿನ ಮೇಲೆ 92 ಇತ್ತು, ಅಂದರೆ 630 ಕಿಲೋ. ಹೆಂಡತಿಯನ್ನು ಕೂರಿಸಿಕೊಂಡು, ಎರಡೂ ಕಡೆ ಬ್ಯಾಗ್ ತುಂಬಿಸಿಕೊಂಡು ದೂರ ಹೋಗುವವನಿಗೆ ಈ ಸಂಖ್ಯೆ ಆಸೆ ಹುಟ್ಟಿಸುತ್ತದೆ, ಅಲ್ವಾ?

ಆದರೆ ಬೈಕ್ ಟೈರಿನ ಮೈ ಗುಂಡಗೆ, ಕಾರ್ ಟೈರಿನದು ಚಪ್ಪಟೆ. ಓಡಿಸುವಾಗ ಗೊತ್ತಾಗುವ ವ್ಯತ್ಯಾಸವೆಲ್ಲ ಇಲ್ಲಿಂದಲೇ ಶುರು. ಮೊದಲ ದಿನ ಬೀದಿ ಕೊನೆಯಲ್ಲಿ ತಿರುಗಿಸಲು ಹೋದಾಗ ಗಾಡಿ ವಾಲಲೇ ಒಲ್ಲದು. ಹ್ಯಾಂಡಲ್ ಒತ್ತಿ ಹಿಡಿದರೆ ವಾಲುತ್ತದೆ, ಕೈ ಸಡಿಲಿಸಿದರೆ ತಾನಾಗಿ ನೆಟ್ಟಗಾಗುತ್ತದೆ. ಒಂದು ವಾರದಲ್ಲಿ ಕೈಗೆ ಅಭ್ಯಾಸವಾಯಿತು. ಐ-70 ಹೆದ್ದಾರಿಯಲ್ಲಂತೂ ನೆಮ್ಮದಿಯೋ ನೆಮ್ಮದಿ. ಸೀಟಿಗೆ ಬರುವ ಕುಲುಕಾಟ ಕಡಿಮೆ. ಮಳೆಯಲ್ಲಿ ನೇರ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಜಾರಿದ್ದೇ ಇಲ್ಲ. ಆದರೆ ಲಾರಿಗಳು ಓಡಿ ಗಾಲಿಜಾಡು ಬಿದ್ದ ಕಡೆ ಟೈರ್ ಆ ಜಾಡನ್ನೇ ಹಿಡಿದು ಎಳೆಯುತ್ತದೆ. ಇದಕ್ಕೆ ನನ್ನ ಕೈ ಕೊನೆವರೆಗೂ ಒಗ್ಗಲಿಲ್ಲ.

ಝೇನ್ಸ್‌ವಿಲ್‌ನಿಂದ ದಕ್ಷಿಣಕ್ಕೆ ಹೋಗುವ ರೂಟ್ 555ರಲ್ಲಿ ಮಾತು ಬೇರೆ. ಗುಡ್ಡ ಹತ್ತಿ ಇಳಿಯುವ ರಸ್ತೆ, ತಿರುವಿನ ಹಿಂದೆ ತಿರುವು. ಬೈಕ್ ಟೈರಿನಲ್ಲಿ ಅಲ್ಲಿ ಕಣ್ಣು ಹೋದ ಕಡೆ ಗಾಡಿ ಹೋಗುತ್ತದೆ. ಕಾರ್ ಟೈರಿನಲ್ಲಿ ಪ್ರತಿ ತಿರುವಿಗೂ ಗಾಡಿಯನ್ನು ಒಪ್ಪಿಸಬೇಕು. ಜಾಸ್ತಿ ವಾಲಿಸಿದಾಗ ನೆಲಕ್ಕೆ ತಾಗುವುದು ಟೈರಿನ ಅಂಚು ಮಾತ್ರ. ತಿರುವಿನ ಮಧ್ಯೆ ಒಂದು ಉಬ್ಬು ಸಿಕ್ಕರೆ ಗಾಡಿ ಹೊರಗಡೆಗೆ ತಳ್ಳಿದ ಹಾಗಾಗುತ್ತದೆ. ನನಗೆ ಒಮ್ಮೆ ಹಾಗಾಗಿ ಹಳದಿ ಗೆರೆ ದಾಟಿದೆ. ಎದುರಿಗೆ ಗಾಡಿ ಇರಲಿಲ್ಲ.

ಇನ್ನೊಂದು ವಿಷಯ ಮುಚ್ಚಿಡಬಾರದು. ಬೈಕ್ ರಿಮ್ಮಿನಲ್ಲಿ ಟೈರಿನ ಬೀಡ್, ಅಂದರೆ ರಿಮ್ಮನ್ನು ಕಚ್ಚಿ ಹಿಡಿಯುವ ಒಳ ಅಂಚು, ಕೂರುವ ಜಾಗದ ಆಕಾರವೂ ಕಾರ್ ರಿಮ್ಮಿನದೂ ಒಂದೇ ಅಲ್ಲ. ಟೈರ್ ಕಂಪನಿಗಳು ಇದನ್ನು ಒಪ್ಪುವುದಿಲ್ಲ. ನಾನು ಕೇಳಿದ ಮೂರು ಅಂಗಡಿಯವರು ಕೈ ಮುಗಿದರು, ನಾಲ್ಕನೆಯವರು ಹಾಕಿಕೊಟ್ಟರು. ಹಾಕಿಸುವ ಮೊದಲು ಇನ್ಶೂರೆನ್ಸ್‌ನವರನ್ನೂ ಒಂದು ಮಾತು ಕೇಳಿ.

ಇನ್ನು ಹಿಂದಿನ ಚಕ್ರವನ್ನು ತಿರುಗಿಸುವ ಡ್ರೈವ್. ನನಗೆ ಪೆಟ್ಟು ಬಿದ್ದದ್ದು ಇಲ್ಲಿ. ಟೈರ್ ಬಗ್ಗೆ ಎಷ್ಟೋ ಜನ ಹೇಳಿದ್ದರು, ಇದನ್ನು ಯಾರೂ ಹೇಳಿರಲಿಲ್ಲ. ಊರಲ್ಲಿ ನಾವು ಓಡಿಸಿದ್ದೆಲ್ಲ ಚೈನ್ ಗಾಡಿ. ಒಣಗಿದರೆ ಕರಕರ ಅನ್ನುತ್ತದೆ, ಎಣ್ಣೆ ಬಿಡುತ್ತೇವೆ. ವಾಲ್ಕಿರಿಯಲ್ಲಿ ಚೈನ್ ಬದಲು ತಿರುಗುವ ದಂಡ, ಅಂದರೆ ಶಾಫ್ಟ್. ಎಲ್ಲ ಒಳಗೇ ಮುಚ್ಚಿಕೊಂಡಿರುತ್ತದೆ. ಶಾಫ್ಟ್‌ನ ತುದಿಯಲ್ಲಿ, ಚಕ್ರದ ಪಕ್ಕ ಇರುವ ಗೇರ್ ಪೆಟ್ಟಿಗೆಯೇ ಫೈನಲ್ ಡ್ರೈವ್. ಅದರ ಗೇರ್‌ಗಳು ಗೇರ್ ಆಯಿಲ್‌ನಲ್ಲಿ ಮುಳುಗಿರುತ್ತವೆ. ಆದರೆ ಅಲ್ಲಿಂದ ಚಕ್ರಕ್ಕೆ ಶಕ್ತಿ ದಾಟಿಸುವ, ಒಂದರೊಳಗೊಂದು ಕೂರುವ ಸ್ಪ್ಲೈನ್ ಹಲ್ಲುಗಳಿಗೆ ಆ ಆಯಿಲ್ ಮುಟ್ಟುವುದಿಲ್ಲ. ಅವಕ್ಕೆ ಮಾಲಿಬ್ಡಿನಮ್ ಪೇಸ್ಟನ್ನು ಕೈಯಿಂದಲೇ ಹಚ್ಚಬೇಕು. ಹಚ್ಚಬೇಕಾದರೆ ಚಕ್ರ ಬಿಚ್ಚಬೇಕು. ಬೈಕ್ ಟೈರ್ ಇದ್ದಾಗ ಒಂಬತ್ತು ಸಾವಿರ ಮೈಲಿಗೊಮ್ಮೆ ಹೇಗೂ ಚಕ್ರ ಬಿಚ್ಚುತ್ತಿದ್ದೆ, ಅದರ ಜೊತೆಗೆ ಈ ಕೆಲಸವೂ ಆಗುತ್ತಿತ್ತು. ಕಾರ್ ಟೈರ್ ಸವೆಯಲೇ ಇಲ್ಲ. ನಾನು ಚಕ್ರ ಬಿಚ್ಚಲೇ ಇಲ್ಲ.

26 ಸಾವಿರಕ್ಕೆ ಬಿಚ್ಚಿದಾಗ ಕಪ್ಪು ಪೇಸ್ಟ್ ಇರಬೇಕಾದ ಜಾಗದಲ್ಲಿ ಕುಂಕುಮದಂಥ ಕೆಂಪು ಪುಡಿ. ಬೆರಳಿಗೆ ಅಂಟಿಕೊಂಡು ಬಂತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಉದುರಿದ ತುಕ್ಕು ಅದು. ಚಕ್ರದ ಕಡೆ ಕೂರುವ ಹಲ್ಲಿನ ತಟ್ಟೆ, ಅಂದರೆ ಫ್ಲಾಂಜ್‌ನ ಹಲ್ಲುಗಳು ಗರಗಸದ ಹಾಗೆ ಚೂಪಾಗಿದ್ದವು. ಓ-ರಿಂಗ್ ಅನ್ನುವ ರಬ್ಬರ್ ಬಳೆಗಳು ಒಣಗಿ ಬಿರುಕು ಬಿಟ್ಟಿದ್ದವು. ಫೈನಲ್ ಡ್ರೈವ್ ಕಡೆಯ ಹಲ್ಲುಗಳು ಉಳಿದಿದ್ದವು, ಪುಣ್ಯ. ಫ್ಲಾಂಜ್ ಬದಲಾಯಿಸಿದೆ, ಓ-ರಿಂಗ್ ಹೊಸದು ಹಾಕಿದೆ. ಟೈರಿನಲ್ಲಿ ಉಳಿಸಿದ ದುಡ್ಡು ಅಲ್ಲಿಗೆ ಹೋಯಿತು.

ವಾಪಸ್ ಜೋಡಿಸುವಾಗ ಒಂದು ಎಚ್ಚರ ಬೇಕು. ಫೈನಲ್ ಡ್ರೈವ್‌ನ ನಾಲ್ಕು ನಟ್‌ಗಳನ್ನು ಸಡಿಲವಾಗಿಯೇ ಬಿಟ್ಟು, ಮೊದಲು ಆಕ್ಸಲ್ ಬಿಗಿ ಮಾಡಬೇಕು. ಆಮೇಲೆ ಆ ನಾಲ್ಕನ್ನು. ಹಾಗೆ ಮಾಡಿದರೆ ಹಲ್ಲುಗಳು ತಾವೇ ನೇರಕ್ಕೆ ಬಂದು ಕೂರುತ್ತವೆ. ಉಲ್ಟಾ ಮಾಡಿದರೆ ಸೊಟ್ಟಗೇ ಉಜ್ಜಾಡುತ್ತವೆ, ಎಷ್ಟು ಪೇಸ್ಟ್ ಹಚ್ಚಿದರೂ ದಂಡ.

ಸೈಡ್‌ಕಾರ್ ಕಟ್ಟಿದ ಗಾಡಿಗೆ ಕಾರ್ ಟೈರ್ ಹೊಂದುತ್ತದೆ, ಯಾಕೆಂದರೆ ಅದು ವಾಲುವುದೇ ಇಲ್ಲ. ನೇರ ಹೆದ್ದಾರಿಯಲ್ಲೇ ಇರುವವರ ಆಸೆಯೂ ನನಗೆ ಅರ್ಥವಾಗುತ್ತದೆ. ಅವರು ಟೈರ್ ಹೊಸದಾಗಿದ್ದರೂ ಹತ್ತು ಸಾವಿರ ಮೈಲಿಗೆ ಚಕ್ರ ಬಿಚ್ಚಲೇಬೇಕು. ನಾನು ಬೈಕ್ ಟೈರಿಗೆ ವಾಪಸ್ ಬಂದಿದ್ದೇನೆ. ಮೊನ್ನೆ 555ಕ್ಕೆ ಹೋಗಿದ್ದೆ. ಆ ಉಬ್ಬಿರುವ ತಿರುವಿನಲ್ಲಿ ಗಾಡಿ ತನ್ನ ಗೆರೆಯೊಳಗೇ ಇತ್ತು.